ಎಳೆಗಣ್ಣಿನ ಪಾಪೆಯಲ್ಲಿ ಬಿಳುಪು

ಎಳೆಯ ಮಗುವಿನ ಕಣ್ಣಿನ ಪಾಪೆ ಕಪ್ಪಗಿರಬೇಕು. ಅದು ಬೆಳ್ಳಗೆ ಕಂಡರೆ, ಅಥವಾ ಸಂಜೆಗತ್ತಲಲ್ಲಿ ದೀಪದ ಬೆಳಕು ಬಿದ್ದಾಗ ಹೊಳೆದರೆ, ಕಾರಣಗಳು ಹಲವಿರಬಹುದಾದರೂ ಮುಖ್ಯವಾದವು ಮೂರು. ಹುಟ್ಟುವಾಗಲೇ ಕಣ್ಣಿನ ಮಸೂರ ಮಬ್ಬಾಗಿ ಪೊರೆ ಕಟ್ಟಿರುವುದು ಒಂದು. ದಿನ ತುಂಬದೆ ಹುಟ್ಟಿದ ಮಗುವಿನ ಅಕ್ಷಿಪಟಲ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ತೆಳುಪದರ, ತನ್ನ ಜಾಗದಿಂದ ಕಿತ್ತು ಮುಂದಕ್ಕೆ ಬಂದಿರುವುದು ಇನ್ನೊಂದು. ಕಣ್ಣಿನೊಳಗೆ ಗಡ್ಡೆ ಬೆಳೆಯುತ್ತಿರುವುದು ಮೂರನೆಯದು. ವೈದ್ಯಕೀಯ ಪುಸ್ತಕಗಳಲ್ಲಿ ಜನ್ಮಜಾತ ದೋಷ, ಅವಧಿಪೂರ್ವ ಜನನ ಮತ್ತು ಕ್ಯಾನ್ಸರ್ ಬೇರೆ ಬೇರೆ ಅಧ್ಯಾಯಗಳಾಗಿರುತ್ತವೆ. ಮಗುವಿನ ಕಣ್ಣಿನಲ್ಲಿ ಮಾತ್ರ ಅವು ಮೂರೂ ಒಂದೇ ಚಿಕ್ಕ ವೃತ್ತದಲ್ಲಿ, ಒಂದೇ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ. ನಮ್ಮ ಕಡೆ ಮೂರಕ್ಕೂ ಸಿಗುವ ಉತ್ತರವೂ ಒಂದೇ: ‘ಸ್ವಲ್ಪ ದೊಡ್ಡದಾಗಲಿ, ಆಮೇಲೆ ತೋರಿಸಿದರಾಯಿತು.’ ಈ ಮೂರು ಕಾಯಿಲೆಗಳಲ್ಲಿ ಯಾವುದೂ ಮಗು ದೊಡ್ಡದಾಗುವವರೆಗೆ ಕಾಯುವುದಿಲ್ಲ.

ಇವುಗಳಲ್ಲಿ ಎರಡನೆಯದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ತಂಗಿಯ ಮಗಳು ಮೂವತ್ತೊಂದು ವಾರಕ್ಕೇ ಹುಟ್ಟಿದಳು. ತೂಕ ಒಂದೂವರೆ ಕಿಲೋ ಕೂಡ ಇರಲಿಲ್ಲ. ನೋಡಲು ಬಂದವರೆಲ್ಲ ಉಸಿರಾಟ, ತೂಕ, ಹಾಲು ಕುಡಿಯುವುದು, ಕಾಮಾಲೆ ಇವುಗಳನ್ನು ಕೇಳುತ್ತಿದ್ದರು. ಕಣ್ಣನ್ನು ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಕಾರಣವೂ ಕಾಣುತ್ತಿರಲಿಲ್ಲ, ಏಕೆಂದರೆ ಅವಧಿಪೂರ್ವ ಶಿಶುವಿನ ಅಕ್ಷಿಪಟಲದ ಕಾಯಿಲೆಗೆ ಹೊರಗೆ ಯಾವ ಗುರುತೂ ಇರುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ, ಪಿಸುರು ಕಟ್ಟುವುದಿಲ್ಲ. ಪಾಪೆ ಬೆಳ್ಳಗಾಗುವುದು ಕಾಯಿಲೆಯ ಕೊನೆಯ ಹಂತದಲ್ಲಿ. ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ವೈದ್ಯರು ಇದನ್ನು ಇಂಗ್ಲಿಷಿನ ಮೂರಕ್ಷರದಲ್ಲಿ ‘ಆರ್‌ಒಪಿ’ ಎನ್ನುತ್ತಾರೆ. ಮುಂದೆ ನಾನೂ ಅದನ್ನೇ ಬಳಸುತ್ತೇನೆ.

ಗರ್ಭದಲ್ಲಿ ಹದಿನಾರನೆಯ ವಾರದ ಹೊತ್ತಿಗೆ ಅಕ್ಷಿಪಟಲದ ರಕ್ತನಾಳಗಳು ಕಣ್ಣಿನ ನರದ ಬುಡದಿಂದ ಹೊರಟು, ಚಪ್ಪರಕ್ಕೆ ಹಬ್ಬಿಸಿದ ಬಳ್ಳಿಯಂತೆ, ನಿಧಾನವಾಗಿ ಅಂಚಿನ ಕಡೆ ಹರಡತೊಡಗುತ್ತವೆ. ಮೂಗಿನ ಕಡೆಯ ಅಂಚನ್ನು ಅವು ಸುಮಾರು ಮೂವತ್ತಾರನೆಯ ವಾರಕ್ಕೆ ಮುಟ್ಟುತ್ತವೆ; ಕಿವಿಯ ಕಡೆಯ ಅಂಚು ಇನ್ನೂ ದೂರವಾದ್ದರಿಂದ ಅಲ್ಲಿಗೆ ತಲುಪಲು ಹೆಚ್ಚುಕಡಿಮೆ ನಲವತ್ತು ವಾರ ಬೇಕು. ಮಗು ಇಪ್ಪತ್ತೆಂಟು ಅಥವಾ ಮೂವತ್ತೊಂದು ವಾರಕ್ಕೆ ಹುಟ್ಟಿದರೆ ಈ ಕೆಲಸ ಅರ್ಧದಲ್ಲಿಯೇ ನಿಲ್ಲುತ್ತದೆ. ಗರ್ಭದಲ್ಲಿ ಶಿಶುವಿನ ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣ ಬಹಳ ಕಡಿಮೆ. ಆ ಕೊರತೆಯೇ ನಾಳಗಳನ್ನು ಮುಂದಕ್ಕೆ ಎಳೆಯುವ ಶಕ್ತಿ. ಹೊರಗೆ ಬಂದ ಮಗುವಿಗೆ ಸಾಮಾನ್ಯ ಗಾಳಿಯೇ ಅತಿಯಾದ ಆಮ್ಲಜನಕವಾಗುತ್ತದೆ. ಅದರ ಮೇಲೆ ಕೊಳವೆಯಲ್ಲಿ ಶುದ್ಧ ಆಮ್ಲಜನಕವನ್ನು ಕೊಟ್ಟರಂತೂ ನಾಳಗಳು ಬೆಳೆಯುವುದನ್ನೇ ನಿಲ್ಲಿಸುತ್ತವೆ. ಕೆಲವು ವಾರಗಳ ನಂತರ, ರಕ್ತನಾಳವೇ ಇಲ್ಲದ ಅಂಚಿನ ಭಾಗ ದೊಡ್ಡದಾಗಿ, ಅದರ ಹಸಿವು ಹೆಚ್ಚಾಗಿ, ನಾಳ ಬೇಕೆಂದು ರಾಸಾಯನಿಕ ಸಂಕೇತಗಳನ್ನು ಬಿಡುಗಡೆ ಮಾಡುತ್ತದೆ. ಆಗ ಬೆಳೆಯುವ ನಾಳಗಳು ಶಿಸ್ತಿನವಲ್ಲ. ಅವು ಅಕ್ಷಿಪಟಲದ ಮೇಲೆ ಹರಡುವುದನ್ನು ಬಿಟ್ಟು ಕಣ್ಣಿನ ಒಳಗಿನ ಲೋಳೆಯ ಕಡೆಗೆ ಏಳುತ್ತವೆ, ರಕ್ತ ಒಸರುತ್ತವೆ, ಕಲೆಗಟ್ಟಿ ಕುಗ್ಗುತ್ತವೆ. ಕುಗ್ಗುವಾಗ ಅಕ್ಷಿಪಟಲವನ್ನೂ ತಮ್ಮೊಂದಿಗೆ ಎಳೆದು ಕೀಳುತ್ತವೆ.

ಇದರಲ್ಲಿ ಐದು ಹಂತಗಳನ್ನು ಗುರುತಿಸುತ್ತಾರೆ. ಮೊದಲ ಎರಡು ಹಂತಗಳು ಬಹುಪಾಲು ಮಕ್ಕಳಲ್ಲಿ ತಾವಾಗಿಯೇ ಇಳಿದುಹೋಗುತ್ತವೆ. ಕುರುಡುತನದವರೆಗೆ ಹೋಗುವ ಮಕ್ಕಳು ಕೆಲವರೇ, ಆದರೆ ಅವರು ಯಾರೆಂದು ಹುಟ್ಟಿದ ದಿನ ಹೇಳಲು ಬರುವುದಿಲ್ಲ. ಹೀಗಾಗಿ ಎಲ್ಲರ ಕಣ್ಣನ್ನೂ ನೋಡಲೇಬೇಕು, ಅದೂ ಮತ್ತೆ ಮತ್ತೆ ನೋಡಬೇಕು.

ಈ ಕಾಯಿಲೆಯ ಇತಿಹಾಸ ವೈದ್ಯಶಾಸ್ತ್ರದ ಅತ್ಯಂತ ಕಹಿಯಾದ ಅಧ್ಯಾಯಗಳಲ್ಲಿ ಒಂದು. 1942ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಥಿಯೋಡರ್ ಟೆರ್ರಿ ಎಂಬ ಕಣ್ಣಿನ ವೈದ್ಯರು, ದಿನ ತುಂಬದೆ ಹುಟ್ಟಿದ ಮಕ್ಕಳ ಮಸೂರದ ಹಿಂದೆ ಬಿಳಿಯ ಪೊರೆಯೊಂದು ಕಟ್ಟಿರುವುದನ್ನು ಮೊದಲ ಬಾರಿಗೆ ವರದಿ ಮಾಡಿದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಹೀಗೆ ದೃಷ್ಟಿ ಕಳೆದುಕೊಂಡರೆಂದು ಅಂದಾಜು. ವಿಚಿತ್ರವೆಂದರೆ ಕಾಯಿಲೆ ಹೆಚ್ಚಾಗಿ ಕಂಡದ್ದು ಶ್ರೀಮಂತ ದೇಶಗಳ ಒಳ್ಳೆಯ ಆಸ್ಪತ್ರೆಗಳಲ್ಲಿ. ಗಾಯಕ ಸ್ಟೀವಿ ವಂಡರ್ 1950ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿ ದೃಷ್ಟಿ ಕಳೆದುಕೊಂಡದ್ದು ಇದೇ ಕಾಯಿಲೆಯಿಂದ. 1951ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೇಟ್ ಕ್ಯಾಂಪ್‌ಬೆಲ್ ಎಂಬ ಮಕ್ಕಳ ವೈದ್ಯೆ ಆಮ್ಲಜನಕದ ಮೇಲೆ ಸಂಶಯ ವ್ಯಕ್ತಪಡಿಸಿದರು. ಅದರ ಬೆನ್ನಿಗೇ ಅಮೆರಿಕದ 18 ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯಲ್ಲಿ, ಹೆಚ್ಚು ಆಮ್ಲಜನಕ ಪಡೆದ ಮಕ್ಕಳಲ್ಲಿ ಕುರುಡುತನ ಹೆಚ್ಚೆಂಬುದು ಖಚಿತವಾಯಿತು. ಜೀವ ಉಳಿಸಲೆಂದು, ಅತ್ಯಂತ ಪ್ರೀತಿಯಿಂದ ಕೊಟ್ಟ ವಸ್ತುವೇ ಕಣ್ಣನ್ನು ಕಿತ್ತುಕೊಂಡಿತ್ತು.

ಕಥೆ ಅಲ್ಲಿಗೆ ಮುಗಿದಿದ್ದರೆ ಪಾಠ ಸುಲಭವಾಗಿರುತ್ತಿತ್ತು. ಆಮ್ಲಜನಕವನ್ನು ಬಿಗಿಯಾಗಿ ಕಡಿತಗೊಳಿಸಿದಾಗ ಕುರುಡುತನ ಇಳಿಯಿತು, ಆದರೆ ಉಸಿರಾಟದ ತೊಂದರೆಯಿಂದ ಸಾಯುವ ಶಿಶುಗಳ ಸಂಖ್ಯೆ ಏರಿತು. ಬ್ರಿಟನ್ನಿನ ಕೆನೆತ್ ಕ್ರಾಸ್ 1973ರಲ್ಲಿ ಲೆಕ್ಕ ಹಾಕಿ, ಒಂದು ಮಗುವಿನ ದೃಷ್ಟಿ ಉಳಿಸಲು ಸುಮಾರು ಹದಿನಾರು ಮಕ್ಕಳ ಜೀವ ಹೋಗಿರಬಹುದು ಎಂದು ಬರೆದರು. ಈ ಇಕ್ಕಟ್ಟು ಇಂದಿಗೂ ಪೂರ್ತಿ ಬಗೆಹರಿದಿಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಇಪ್ಪತ್ತೆಂಟು ವಾರ ತುಂಬದ ಮಕ್ಕಳ ಒಂದು ಗುಂಪಿನಲ್ಲಿ ರಕ್ತದ ಆಮ್ಲಜನಕದ ಮಟ್ಟವನ್ನು ಶೇ. 85ರಿಂದ 89ರ ನಡುವೆ, ಇನ್ನೊಂದು ಗುಂಪಿನಲ್ಲಿ ಶೇ. 91ರಿಂದ 95ರ ನಡುವೆ ಇರಿಸಿದರು. ಬದುಕುಳಿದವರಲ್ಲಿ ತೀವ್ರ ಆರ್‌ಒಪಿ ಮೊದಲ ಗುಂಪಿನಲ್ಲಿ ಶೇ. 8.6, ಎರಡನೆಯದರಲ್ಲಿ ಶೇ. 17.9, ಸಾವು ಮೊದಲ ಗುಂಪಿನಲ್ಲಿ ಶೇ. 19.9, ಎರಡನೆಯದರಲ್ಲಿ ಶೇ. 16.2. ಈ ನಾಲ್ಕು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಐಸಿಯುವಿನ ದಾದಿ ಆಮ್ಲಜನಕದ ಗುಂಡಿಯನ್ನು ತಿರುಗಿಸುವಾಗ ಏನನ್ನು ತೂಗುತ್ತಿರುತ್ತಾಳೆ ಎಂಬುದು ಅರ್ಥವಾಗುತ್ತದೆ. ಜೀವವೇ ಮೊದಲು ಎಂದು ಹೆಚ್ಚಿನ ಘಟಕಗಳು ಮೇಲಿನ ಮಟ್ಟವನ್ನೇ ಆಯ್ದುಕೊಂಡಿವೆ. ಅದು ಸರಿಯಾದ ಆಯ್ಕೆಯೆಂದೇ ನನ್ನ ಅಭಿಪ್ರಾಯ, ಆದರೆ ಆ ಆಯ್ಕೆಯ ಜೊತೆಗೆ ಕಣ್ಣನ್ನು ಪರೀಕ್ಷಿಸುವ ಹೊಣೆಯೂ ಬರುತ್ತದೆ. ಜೀವ ಉಳಿಸುವ ಘಟಕವನ್ನು ತೆರೆದು, ಕಣ್ಣು ನೋಡುವ ಏರ್ಪಾಡು ಮಾಡದಿರುವುದು ಅರ್ಧ ಕೆಲಸ.

ಭಾರತದಲ್ಲಿ ಈ ಅರ್ಧ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 2020ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 1 ಕೋಟಿ 34 ಲಕ್ಷ ಮಕ್ಕಳು ದಿನ ತುಂಬದೆ ಹುಟ್ಟುತ್ತಾರೆ. ಅವರಲ್ಲಿ 30 ಲಕ್ಷದಷ್ಟು ಮಕ್ಕಳು ನಮ್ಮ ದೇಶದವರು. ಜಿಲ್ಲೆ ಜಿಲ್ಲೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳು ಬಂದ ಮೇಲೆ ಮೊದಲು ಉಳಿಯದಿದ್ದ ಮಕ್ಕಳು ಉಳಿಯುತ್ತಿದ್ದಾರೆ. ಆದರೆ ಆಮ್ಲಜನಕವನ್ನು ಗಾಳಿಯೊಂದಿಗೆ ಅಳತೆಯಲ್ಲಿ ಬೆರೆಸುವ ಸಾಧನ ಎಲ್ಲ ಕಡೆ ಇಲ್ಲ, ಇದ್ದರೂ ಎಲ್ಲ ಹಾಸಿಗೆಗಳಿಗೂ ಇಲ್ಲ. ಆದ್ದರಿಂದಲೇ ಶ್ರೀಮಂತ ದೇಶಗಳಲ್ಲಿ ಕಾಯಿಲೆ ಬಾರದಷ್ಟು ದೊಡ್ಡ ಮಕ್ಕಳಿಗೂ ಇಲ್ಲಿ ಬರುತ್ತದೆ. ಅಮೆರಿಕದ ನಿಯಮದ ಪ್ರಕಾರ ಕಣ್ಣಿನ ಪರೀಕ್ಷೆ ಬೇಕಾಗುವುದು 1,500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ ಮೂವತ್ತು ವಾರದೊಳಗೆ ಹುಟ್ಟಿದ ಮಕ್ಕಳಿಗೆ. ಭಾರತದ ನಿಯಮದಲ್ಲಿ ಅದು 2,000 ಗ್ರಾಂಗಿಂತ ಕಡಿಮೆ ತೂಕ ಅಥವಾ ಮೂವತ್ನಾಲ್ಕು ವಾರಕ್ಕಿಂತ ಮೊದಲು. ಮೂವತ್ನಾಲ್ಕರಿಂದ ಮೂವತ್ತಾರು ವಾರದ ನಡುವೆ ಹುಟ್ಟಿದ್ದರೂ ಹೆಚ್ಚು ದಿನ ಆಮ್ಲಜನಕ, ಸೋಂಕು, ರಕ್ತ ಕೊಟ್ಟಿರುವುದು ಮುಂತಾದ ಕಾರಣಗಳಿದ್ದರೆ ನೋಡಲೇಬೇಕು. ಅಮೆರಿಕದ ಪುಸ್ತಕ ಓದಿ ‘ಈ ಮಗು 1,800 ಗ್ರಾಂ ಇದೆ, ಬೇಕಾಗಿಲ್ಲ’ ಎಂದು ಹೇಳುವ ವೈದ್ಯರು ಈಗಲೂ ಸಿಗುತ್ತಾರೆ.

ಮೊದಲ ಪರೀಕ್ಷೆ ಹುಟ್ಟಿದ ಮೂವತ್ತು ದಿನಗಳ ಒಳಗೆ ಆಗಬೇಕು. ಇಪ್ಪತ್ತೆಂಟು ವಾರಕ್ಕಿಂತ ಮೊದಲು ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಹಗುರವಾಗಿದ್ದರೆ ಎರಡು, ಮೂರು ವಾರಕ್ಕೇ ಆಗಬೇಕು. ಚಿಕಿತ್ಸೆ ಬೇಕೆಂದು ಗೊತ್ತಾದ ಮೇಲೆ ಎರಡು ಮೂರು ದಿನಗಳೊಳಗೆ ಲೇಸರ್ ಮುಗಿಯಬೇಕು. ವೈದ್ಯಶಾಸ್ತ್ರದಲ್ಲಿ ಇಷ್ಟು ಬಿಗಿಯಾದ ತಿಥಿವಾರ ನೋಡುವ ಕಾಯಿಲೆಗಳು ಕಡಿಮೆ. ನಮ್ಮ ಮನೆಗಳಲ್ಲಿ ಇದೇ ಮೂವತ್ತು ದಿನಗಳಿಗೆ ಇನ್ನೊಂದು ಲೆಕ್ಕವಿದೆ, ಅದು ಬಾಣಂತನದ್ದು. ಹಸಿ ಬಾಣಂತಿಯನ್ನು, ಅದರಲ್ಲಿಯೂ ದಿನ ತುಂಬದ ಕೂಸನ್ನು ಹೊಸ್ತಿಲು ದಾಟಿಸಬಾರದು; ಗಾಳಿ ತಾಕೀತು, ದೃಷ್ಟಿಯಾದೀತು. ಈ ಕಟ್ಟುಪಾಡಿನಲ್ಲಿ ವಿವೇಕವಿಲ್ಲದೆ ಇಲ್ಲ. ಬೆಚ್ಚಗಿಡುವುದು, ಜನಸಂದಣಿಯಿಂದ ದೂರವಿಡುವುದು ಅವಧಿಪೂರ್ವ ಶಿಶುವಿಗೆ ಬೇಕಾದದ್ದೇ. ಆದರೆ ಕಣ್ಣಿನ ಗಡುವು ಮತ್ತು ಬಾಣಂತನದ ಗಡುವು ಒಂದರ ಮೇಲೊಂದು ಬಿದ್ದಾಗ ಗೆಲ್ಲುವುದು ಎರಡನೆಯದೇ, ಏಕೆಂದರೆ ಅದನ್ನು ಹೇಳಲು ಮನೆಯಲ್ಲಿ ಅಜ್ಜಿ ಇರುತ್ತಾಳೆ; ಮೊದಲನೆಯದನ್ನು ಹೇಳಲು ಯಾರೂ ಇರುವುದಿಲ್ಲ.

ತಂಗಿಯ ಮಗು ಹುಟ್ಟಿದ್ದು ಗಂಡನ ಮನೆಯಿರುವ ಊರಿನ ಖಾಸಗಿ ಆಸ್ಪತ್ರೆಯಲ್ಲಿ. ಮಗುವಿನ ತೂಕ ಏರಿ ಮನೆಗೆ ಕಳಿಸಿದ ದಿನ ಅವಳು ನೇರವಾಗಿ ತವರಿಗೆ, ಅಂದರೆ ಬೇರೊಂದು ಜಿಲ್ಲೆಯಲ್ಲಿರುವ ನಮ್ಮ ಮನೆಗೆ ಬಂದಳು. ಡಿಸ್ಚಾರ್ಜ್ ಚೀಟಿ ನಾಲ್ಕು ಪುಟದ್ದು. ಔಷಧಿಗಳು, ವಿಟಮಿನ್ ಹನಿಗಳು, ಕಬ್ಬಿಣದ ಹನಿಗಳು, ಲಸಿಕೆಯ ದಿನಾಂಕ ಎಲ್ಲವೂ ಇದ್ದವು. ಕೊನೆಯ ಪುಟದ ಕೆಳಗೆ, ಆಸ್ಪತ್ರೆಯ ಮೊಹರು ಅರ್ಧ ಮುಚ್ಚಿದ ಸಾಲಿನಲ್ಲಿ, ಇಂಗ್ಲಿಷಿನಲ್ಲಿ ಆ ಮೂರಕ್ಷರ ಮತ್ತು ‘ತಪಾಸಣೆ’ ಎಂಬ ಒಂದು ಪದ. ಯಾವಾಗ, ಎಲ್ಲಿ, ಏಕೆ, ತಪ್ಪಿದರೆ ಏನಾಗುತ್ತದೆ ಎಂಬುದು ಇರಲಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದರೋ ಇಲ್ಲವೋ, ತಂಗಿಗೆ ನೆನಪಿರಲಿಲ್ಲ. ನಿದ್ದೆಗೆಟ್ಟು, ಹಾಲು ಹಿಂಡಿ ಹಿಂಡಿ ಸೋತ ತಾಯಿಗೆ ನೆನಪಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಊರಿನಲ್ಲಿ ಲಸಿಕೆ ಹಾಕಿಸಲು ಹೋದಾಗ ಅಲ್ಲಿಯ ದಾದಿ ಚೀಟಿ ತಿರುವಿ ನೋಡಿ, ‘ಕಣ್ಣು ತೋರಿಸಿದ್ರಾ? ಇದು ಬಿಡಬಾರದು ಕಣಮ್ಮ, ಈ ವಾರವೇ ಹೋಗಿ’ ಎಂದಳು. ಮನೆಯಲ್ಲಿ ಅಮ್ಮ ಗೊಣಗಿದಳು: ‘ಹಸುಗೂಸನ್ನ ಬಸ್ಸಲ್ಲಿ ಅಲೆಸ್ತೀರಾ?’ ಬಸ್ಸು ಬೇಡವೆಂದು ಕಾರು ಮಾಡಿಕೊಂಡು ಹೋದೆವು.

ಆ ಪರೀಕ್ಷೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ವಾಂತಿಯಾಗದಿರಲಿ ಎಂದು ಒಂದು ಗಂಟೆ ಮೊದಲೇ ಹಾಲು ನಿಲ್ಲಿಸುತ್ತಾರೆ. ಪಾಪೆ ಅಗಲವಾಗಲು ಸ್ವಲ್ಪ ಸ್ವಲ್ಪ ಹೊತ್ತಿಗೆ ಹನಿ ಹಾಕುತ್ತಾರೆ; ಕೆನ್ನೆಗೆ ಇಳಿದ ಔಷಧಿಯನ್ನು ಕೂಡಲೇ ಒರೆಸುತ್ತಾರೆ, ಏಕೆಂದರೆ ಅಷ್ಟು ಪುಟ್ಟ ಮಗುವಿಗೆ ಚರ್ಮದ ಮೂಲಕ ಒಳಹೋಗುವ ಔಷಧಿಯೂ ಹೆಚ್ಚೇ. ಕೈಕಾಲು ಆಡದಂತೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಾಲಿಗೆಗೆ ಎರಡು ಹನಿ ಸಕ್ಕರೆ ನೀರು ಬಿಟ್ಟು, ಕಣ್ಣು ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಗಳ ನಡುವೆ ತಂತಿಯ ಚಿಕ್ಕ ಸಾಧನವನ್ನಿಟ್ಟು ಕಣ್ಣನ್ನು ತೆರೆದಿಡುತ್ತಾರೆ. ಮಗು ಅಳುತ್ತದೆ, ತಾಯಿಯನ್ನು ಹೊರಗೆ ಕೂರಿಸುವುದೇ ಒಳ್ಳೆಯದೆಂದು ಅಲ್ಲಿನವರು ಹೇಳಿದ್ದರಿಂದ ನಾನು ಒಳಗಿದ್ದೆ. ಕ್ಯಾಮೆರಾದ ತುದಿ ಕಣ್ಣನ್ನು ಮುಟ್ಟಿದಾಗ ಪರದೆಯ ಮೇಲೆ ಕಿತ್ತಳೆ ಬಣ್ಣದ ಒಂದು ಗುಂಡು ಬಯಲು ಮೂಡಿತು. ಅದರ ಮಧ್ಯದಿಂದ ಕೆಂಪು ಗೆರೆಗಳು ಹೊರಟು, ಒಂದಷ್ಟು ದೂರ ಹೋಗಿ, ಬೂದು ಬಣ್ಣದ ಉಬ್ಬಿದ ಅಂಚೊಂದರ ಬಳಿ ಥಟ್ಟನೆ ನಿಂತಿದ್ದವು. ಅದರಾಚೆ ಬರೀ ಬಯಲು, ಒಂದು ನಾಳವೂ ಇಲ್ಲ. ನರದ ಬುಡದ ಹತ್ತಿರದ ನಾಳಗಳು ಊದಿಕೊಂಡು ಅಂಕುಡೊಂಕಾಗಿದ್ದವು. ಆ ಡೊಂಕನ್ನು ತೋರಿಸಿ ವೈದ್ಯೆ, ‘ಇದೇ ನೋಡಿ ಕೆಟ್ಟದ್ದು, ನಾಳೆಯೇ ಲೇಸರ್ ಮಾಡೋಣ’ ಎಂದರು.

ಲೇಸರ್ ಎಂದರೆ ಕಾಯಿಲೆಯ ನಾಳಗಳನ್ನು ಸುಡುವುದೆಂದು ನಾನು ಭಾವಿಸಿದ್ದೆ. ಅವರು ಸುಡುವುದು ನಾಳವಿಲ್ಲದ ಅಂಚನ್ನು, ಸಂಕೇತ ಕಳಿಸುತ್ತಿರುವ ಆ ಹಸಿದ ಬಯಲನ್ನು. ಸಂಕೇತ ನಿಂತರೆ ಅಡ್ಡಾದಿಡ್ಡಿ ಬೆಳವಣಿಗೆಯೂ ನಿಲ್ಲುತ್ತದೆ. ಅಂಚಿನ ದೃಷ್ಟಿಯನ್ನು ಬಿಟ್ಟುಕೊಟ್ಟು ನಡುವಿನ ದೃಷ್ಟಿಯನ್ನು ಉಳಿಸಿಕೊಳ್ಳುವ ಒಪ್ಪಂದ ಇದು. ಈಚಿನ ವರ್ಷಗಳಲ್ಲಿ ಆ ಸಂಕೇತವನ್ನೇ ತಡೆಯುವ ಔಷಧಿಯನ್ನು ಕಣ್ಣಿನೊಳಗೆ ಚುಚ್ಚುವ ಪದ್ಧತಿಯೂ ಬಂದಿದೆ. ಅದರಲ್ಲಿ ಅಂಚು ಉಳಿಯುತ್ತದೆ, ಆದರೆ ಕಾಯಿಲೆ ತಿಂಗಳುಗಳ ನಂತರ ಮರಳುವ ಸಂಭವವಿರುವುದರಿಂದ ಬಹಳ ದಿನ ತಪ್ಪದೆ ತೋರಿಸುತ್ತಿರಬೇಕು. ತಪ್ಪದೆ ಬರುವ ಭರವಸೆಯಿಲ್ಲದ ಕುಟುಂಬಕ್ಕೆ ಲೇಸರೇ ಮೇಲೆಂದು ಹಲವು ವೈದ್ಯರು ಹೇಳುವುದು ಇದಕ್ಕಾಗಿಯೇ. ನಮ್ಮ ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ದಪ್ಪ ಕನ್ನಡಕವಿದೆ, ಈ ಮಕ್ಕಳಲ್ಲಿ ಸಮೀಪದೃಷ್ಟಿ ಸಾಮಾನ್ಯ. ಕನ್ನಡಕವನ್ನು ತಿಂಗಳಿಗೊಮ್ಮೆ ಮುರಿದುಕೊಂಡು ಬರುವುದೂ ಸಾಮಾನ್ಯ ಎಂದು ತಂಗಿ ದೂರುತ್ತಾಳೆ.

ಕರ್ನಾಟಕದ ಮಟ್ಟಿಗೆ ಒಂದು ಒಳ್ಳೆಯ ಕೆಲಸವನ್ನು ಇಲ್ಲಿ ಹೇಳಲೇಬೇಕು. ಇಂಥ ಪುಟ್ಟ ಕಣ್ಣನ್ನು ಪರೀಕ್ಷಿಸಿ ನಿರ್ಣಯಿಸಬಲ್ಲ ತಜ್ಞರು ಬಹಳ ಕಡಿಮೆ, ಇರುವವರು ದೊಡ್ಡ ನಗರಗಳಲ್ಲಿದ್ದಾರೆ. ಮಕ್ಕಳು ಮಾತ್ರ ಎಲ್ಲ ತಾಲ್ಲೂಕುಗಳಲ್ಲಿಯೂ ಹುಟ್ಟುತ್ತಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಆರಂಭವಾದ ‘ಕಿಡ್‌ರಾಪ್’ ಯೋಜನೆ ಇದನ್ನು ತಲೆಕೆಳಗು ಮಾಡಿತು. ಮಗುವನ್ನು ತಜ್ಞರ ಬಳಿಗೆ ತರುವ ಬದಲು, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತುಕೊಂಡು ನಿಗದಿತ ದಿನಗಳಲ್ಲಿ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗುತ್ತಾರೆ, ಚಿತ್ರ ತೆಗೆಯುತ್ತಾರೆ, ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಚಿತ್ರಗಳನ್ನು ದೂರದ ತಜ್ಞರು ತಮ್ಮ ಫೋನಿನಲ್ಲಿಯೇ ನೋಡಿ ವರದಿ ಕೊಡುತ್ತಾರೆ. ರಾಜ್ಯ ಸರ್ಕಾರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಇದರೊಂದಿಗೆ ಕೈಜೋಡಿಸಿತು. ವೈದ್ಯರಲ್ಲದವರು ಕಣ್ಣಿನ ಚಿತ್ರ ತೆಗೆದು ವಿಂಗಡಿಸುವುದೆಂದರೆ ಆ ಕಾಲಕ್ಕೆ ಹಲವರಿಗೆ ಒಪ್ಪಿಗೆಯಾಗುವ ಮಾತಾಗಿರಲಿಲ್ಲ. ದೊಡ್ಡ ಕಟ್ಟಡಕ್ಕಿಂತ ಹೊತ್ತಿಗೆ ಸರಿಯಾಗಿ ಬರುವ ಒಂದು ಗಾಡಿ ಹೆಚ್ಚು ಮಕ್ಕಳನ್ನು ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನಗೆ ಹೊಳೆಯುವುದಿಲ್ಲ.

ತಪಾಸಣೆ ತಪ್ಪಿದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2015ರಲ್ಲಿ ಉತ್ತರ ಕೊಟ್ಟಿದೆ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೊಂಬತ್ತು ವಾರಕ್ಕೆ, 1,250 ಗ್ರಾಂ ತೂಕದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಆರ್‌ಒಪಿ ತಪಾಸಣೆಯನ್ನು ಮಾಡಿರಲಿಲ್ಲ, ಪೋಷಕರಿಗೆ ಹೇಳಿಯೂ ಇರಲಿಲ್ಲ. ಮಗು ಎರಡೂ ಕಣ್ಣು ಕಳೆದುಕೊಂಡಿತು. ನ್ಯಾಯಾಲಯ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಹಣದ ಮೊತ್ತಕ್ಕಿಂತ ನನಗೆ ಮುಖ್ಯವೆನಿಸಿದ್ದು, ಮಗುವನ್ನು ಮನೆಗೆ ಕಳಿಸುವಾಗ ಈ ಅಪಾಯವನ್ನು ತಿಳಿಸುವುದು ಆಸ್ಪತ್ರೆಯ ಕರ್ತವ್ಯವೆಂದು ತೀರ್ಮಾನವಾದದ್ದು. ಆ ತೀರ್ಪು ಬರಲು ಹತ್ತೊಂಬತ್ತು ವರ್ಷ ಹಿಡಿಯಿತು.

ಕಣ್ಣಿನ ಗಡ್ಡೆಯ ಲೆಕ್ಕಾಚಾರವೇ ಬೇರೆ. ರೆಟಿನೊಬ್ಲಾಸ್ಟೊಮಾ ಎಂಬ ಈ ಕ್ಯಾನ್ಸರ್ ಹದಿನೈದರಿಂದ ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ದಿನ ತುಂಬಿ, ದುಂಡುದುಂಡಾಗಿ ಹುಟ್ಟಿ, ಆಡಿಕೊಂಡಿರುವ ಮಕ್ಕಳಿಗೆ ಬರುವುದರಿಂದ ಇಲ್ಲಿ ಯಾವ ತೂಕದ ನಿಯಮವೂ ಎಚ್ಚರಿಸುವುದಿಲ್ಲ. ಎರಡೂ ಕಣ್ಣಿಗೆ ಬಂದರೆ ಸಾಮಾನ್ಯವಾಗಿ ವರ್ಷದೊಳಗೆ, ಒಂದೇ ಕಣ್ಣಿಗೆ ಬಂದರೆ ಎರಡು ವರ್ಷದ ಸುಮಾರಿಗೆ ಗೊತ್ತಾಗುತ್ತದೆ. ಮೊದಲು ಗಮನಿಸುವವರು ಬಹುಮಟ್ಟಿಗೆ ಮನೆಯವರೇ. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೆ ಬಂದಿರುತ್ತದೆ. ಎರಡನೆಯ ಗುರುತು ಮೆಳ್ಳಗಣ್ಣು. ಮೆಳ್ಳಗಣ್ಣಿನ ಮಗು ಅದೃಷ್ಟದ ಮಗು ಎಂದು ನಮ್ಮಲ್ಲಿ ಹೇಳುವವರಿದ್ದಾರೆ. ಆ ಅದೃಷ್ಟವನ್ನು ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿಕೊಂಡು ಬಂದರೆ ನಷ್ಟವೇನಿಲ್ಲ.

ಬೇರೆ ಗಡ್ಡೆಗಳಿಗೆ ಮಾಡುವಂತೆ ಇಲ್ಲಿ ಸೂಜಿ ಚುಚ್ಚಿ ಮಾದರಿ ತೆಗೆಯುವಂತಿಲ್ಲ, ಕಣ್ಣಿನ ಗೋಡೆಯಲ್ಲಿ ತೂತಾದರೆ ಕ್ಯಾನ್ಸರ್ ಹೊರಗೆ ಹರಡಲು ದಾರಿಯಾಗುತ್ತದೆ. ಒಳಗಿನ ನೋಟ ಮತ್ತು ಸ್ಕ್ಯಾನ್ ಆಧಾರದ ಮೇಲೆಯೇ ನಿರ್ಧರಿಸುತ್ತಾರೆ. ಬೇಗ ಬಂದವರಿಗೆ ಕಿಮೊಥೆರಪಿ, ಲೇಸರ್, ಶೀತ ಚಿಕಿತ್ಸೆ ಇವುಗಳಿಂದ ಕಣ್ಣನ್ನೂ ಉಳಿಸಬಹುದು. ತಡವಾಗಿ ಬಂದವರಿಗೆ ಕಣ್ಣು ತೆಗೆಯುವುದೇ ಜೀವ ಉಳಿಸುವ ದಾರಿ. ಈ ಮಾತನ್ನು ಕೇಳಿದ ದಿನ ಎಷ್ಟೋ ಕುಟುಂಬಗಳು ಎದ್ದು ಹೋಗುತ್ತವೆ, ನಾಟಿ ಔಷಧಿಗೆ ಹೋಗುತ್ತವೆ, ಗಡ್ಡೆ ಕಣ್ಣಿನಿಂದ ಹೊರಗೆ ಉಬ್ಬಿದ ಮೇಲೆ ಮರಳುತ್ತವೆ. ಹೆಣ್ಣುಮಗುವಾದರೆ ‘ನಾಳೆ ಯಾರು ಮದುವೆಯಾಗುತ್ತಾರೆ’ ಎಂಬ ಪ್ರಶ್ನೆ ಎಲ್ಲಕ್ಕಿಂತ ಮುಂದೆ ಬಂದು ಕೂರುತ್ತದೆ. ಮುಂದುವರಿದ ದೇಶಗಳಲ್ಲಿ ಶೇ. 95ಕ್ಕಿಂತ ಹೆಚ್ಚು ಮಕ್ಕಳು ಬದುಕುಳಿಯುವ ಕಾಯಿಲೆ ಇದು. ಚೆನ್ನಾಗಿ ಕೂರಿಸಿದ ಕೃತಕ ಕಣ್ಣನ್ನು ಎದುರಿಗೆ ನಿಂತವರೂ ಸುಲಭವಾಗಿ ಗುರುತಿಸಲಾರರು. ಕಣ್ಣು ತೆಗೆಯುವುದಕ್ಕೆ ಒಪ್ಪಿಕೊಂಡ ತಂದೆ ತಾಯಿಯರನ್ನು ಕಠಿಣ ಮನಸ್ಸಿನವರೆಂದು ಊರು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಅವರಷ್ಟು ಮಗುವನ್ನು ಪ್ರೀತಿಸಿದವರು ಆ ಊರಿನಲ್ಲಿ ಬೇರೆ ಇರಲಾರರು.

ಇದೇ ಗಡ್ಡೆಯಿಂದ ಇಡೀ ಕ್ಯಾನ್ಸರ್ ವಿಜ್ಞಾನಕ್ಕೆ ಒಂದು ದೊಡ್ಡ ಒಳನೋಟ ಸಿಕ್ಕಿತು. ಆಲ್ಫ್ರೆಡ್ ನೂಡ್ಸನ್ ಎಂಬ ಅಮೆರಿಕದ ವಿಜ್ಞಾನಿ 1971ರಲ್ಲಿ ಇಂಥ 48 ಮಕ್ಕಳ ದಾಖಲೆಗಳನ್ನು ಅಧ್ಯಯನ ಮಾಡಿ, ಒಂದೇ ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಗಡ್ಡೆ ಹುಟ್ಟುತ್ತದೆ ಎಂದು ಊಹಿಸಿದರು. ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿದ್ದರೆ ಎರಡನೆಯದು ಕೆಡುವುದು ಸುಲಭ. ಆದ್ದರಿಂದಲೇ ಅಂಥ ಮಕ್ಕಳಿಗೆ ಬೇಗನೆ, ಎರಡೂ ಕಣ್ಣುಗಳಲ್ಲಿ ಬರುತ್ತದೆ. ಹದಿಮೂರನೆಯ ವರ್ಣತಂತುವಿನ ಮೇಲಿರುವ ಆ ಜೀನನ್ನು 1986ರಲ್ಲಿ ಬೇರ್ಪಡಿಸಿದರು. ಮನೆಯ ಮಟ್ಟಿಗೆ ಇದರ ಅರ್ಥ ಇಷ್ಟೇ: ಒಂದು ಮಗುವಿಗೆ ಬಂದಿದ್ದರೆ ಒಡಹುಟ್ಟಿದವರ ಕಣ್ಣನ್ನೂ ನೋಡಿಸಬೇಕು, ಮತ್ತು ವಂಶವಾಹಿ ಬಗೆಯದಾಗಿದ್ದರೆ ಆ ಮಗು ದೊಡ್ಡದಾಗಿ ತಾನು ತಾಯಿಯೋ ತಂದೆಯೋ ಆಗುವಾಗ ಪ್ರತಿ ಮಗುವಿಗೂ ಅದು ಹೋಗುವ ಸಂಭವ ಅರ್ಧಕ್ಕರ್ಧ ಇರುತ್ತದೆ.

ಹುಟ್ಟುಪೊರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುದುಕರ ಪೊರೆ ಕಾಯಬಲ್ಲದು, ಮಗುವಿನದು ಕಾಯುವುದಿಲ್ಲ. ನೋಡುವುದನ್ನು ಮಿದುಳು ಕಲಿಯುವುದು ಮೊದಲ ತಿಂಗಳುಗಳಲ್ಲಿ, ಆಗ ಬೆಳಕು ಒಳಹೋಗದಿದ್ದರೆ ಮುಂದೆ ಪೊರೆ ತೆಗೆದರೂ ಮಿದುಳು ಆ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೇ ಕಣ್ಣಿನ ದಟ್ಟ ಪೊರೆಗೆ ಆರು ವಾರದ ಸುಮಾರಿಗೇ ಶಸ್ತ್ರಚಿಕಿತ್ಸೆ ಆಗಬೇಕು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಬರುವ ರುಬೆಲ್ಲಾ ಇದಕ್ಕೆ ಒಂದು ಕಾರಣವೆಂದು 1941ರಲ್ಲಿಯೇ ಸಿಡ್ನಿಯ ನಾರ್ಮನ್ ಗ್ರೆಗ್ ಕಂಡುಹಿಡಿದಿದ್ದರು. ನಮ್ಮಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದು ನಡೆದದ್ದು 2017ರ ಫೆಬ್ರುವರಿಯಲ್ಲಿ. ಆ ದಿನಗಳಲ್ಲಿ ವಾಟ್ಸ್ಆ್ಯಪ್ ಸಂದೇಶಗಳಿಗೆ ಹೆದರಿ ಮಕ್ಕಳನ್ನು ಶಾಲೆಗೇ ಕಳಿಸದ ಪೋಷಕರು ನಮ್ಮ ಬೀದಿಯಲ್ಲಿಯೂ ಇದ್ದರು.

ಮೂರೂ ಕಾಯಿಲೆಗಳಲ್ಲಿ ಮನೆಯವರು ಮೊದಲು ಹುಡುಕುವುದು ತಪ್ಪಿತಸ್ಥರನ್ನು, ಸಿಗುವವಳು ತಾಯಿ. ಗ್ರಹಣದ ದಿನ ಹೊರಗೆ ಬಂದಳು, ಬಸುರಿಯಾಗಿದ್ದಾಗ ಗಾಡಿ ಓಡಿಸಿದಳು, ಪಪ್ಪಾಯಿ ತಿಂದಳು. ಈ ಯಾವುದರಿಂದಲೂ ಪೊರೆಯಾಗಲಿ ಗಡ್ಡೆಯಾಗಲಿ ಆರ್‌ಒಪಿಯಾಗಲಿ ಬರುವುದಿಲ್ಲ. ತಾಯಿಯನ್ನು ದೂರುವುದರಲ್ಲಿ ಕಳೆಯುವ ವಾರಗಳು ಮಾತ್ರ ಮಗುವಿನ ಲೆಕ್ಕದಿಂದ ಕಳೆದುಹೋಗುತ್ತವೆ.

ವ್ಯವಸ್ಥೆ ಕಾಗದದ ಮೇಲೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಪೊರೆ, ಆರ್‌ಒಪಿ ಎರಡೂ ಸೇರಿವೆ. ಹುಟ್ಟಿದ ಮಗುವನ್ನು ಮನೆಗೆ ಕಳಿಸುವ ಮೊದಲು ಮಂದ ಬೆಳಕಿನ ಕೋಣೆಯಲ್ಲಿ ಎರಡೂ ಕಣ್ಣಿಗೆ ಪರೀಕ್ಷಾ ದೀಪ ಹಿಡಿದು ಕೆಂಪು ಹೊಳಪು ಸಮನಾಗಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಪೊರೆಯನ್ನೂ, ದೊಡ್ಡದಾಗಿರುವ ಗಡ್ಡೆಯನ್ನೂ ಅದು ತೋರಿಸಬಲ್ಲದು, ಅಂಚಿನಲ್ಲಿ ನಡೆಯುವ ಆರ್‌ಒಪಿಯನ್ನು ತೋರಿಸಲಾರದು. ಆರ್‌ಒಪಿಗೆ ದಿನಾಂಕ ಬೇಕು, ಆ ದಿನಾಂಕವನ್ನು ನೆನಪಿಡುವವರು ಬೇಕು. ತಾಯಿ ಕಾರ್ಡಿನಲ್ಲಿ ಲಸಿಕೆಯ ಸಾಲುಗಳ ಮೇಲೆಯೇ, ದಿನ ತುಂಬದೆ ಹುಟ್ಟಿದ ಮಗುವಾದರೆ ‘ಇಂಥ ದಿನದೊಳಗೆ, ಇಂಥ ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ’ ಎಂದು ಕನ್ನಡದಲ್ಲಿ, ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರೆ ಆಸ್ಪತ್ರೆಗೆ ಆಗುವ ಖರ್ಚು ಏನೂ ಇಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನಗಳಂದು ಹೋಗಬೇಕೆಂದು ನಿಯಮವಿದೆ. ಇಪ್ಪತ್ತೊಂದನೆಯ ದಿನದ ಭೇಟಿಯಲ್ಲಿ ‘ಕಣ್ಣು ತೋರಿಸಿದ್ರಾ’ ಎಂಬ ಪ್ರಶ್ನೆಯನ್ನು ಕಡ್ಡಾಯ ಮಾಡಿದರೆ ಇನ್ನೂ ಒಂದು ವಾರಕ್ಕಿಂತ ಹೆಚ್ಚು ಸಮಯ ಕೈಯಲ್ಲಿರುತ್ತದೆ. ತೊಡಕಿರುವುದು ಬಾಣಂತಿ ಊರು ಬದಲಿಸಿದಾಗ: ಗಂಡನ ಮನೆಯ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಅವಳ ಹೆಸರಿರುತ್ತದೆ, ಅವಳಿರುವುದು ತವರಿನಲ್ಲಿ, ತವರಿನ ಆಶಾ ಕಾರ್ಯಕರ್ತೆಗೆ ಅವಳು ಬಂದಿರುವುದೇ ಗೊತ್ತಿರುವುದಿಲ್ಲ. ಮಗುವನ್ನು ಮನೆಗೆ ಕಳಿಸುವ ದಿನ ಆಸ್ಪತ್ರೆಯವರು ‘ಬಾಣಂತನ ಯಾವ ಊರಿನಲ್ಲಿ’ ಎಂದು ಕೇಳಿ, ಆ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡುವುದನ್ನು ನಿಯಮವಾಗಿಸಬೇಕು. ಖಾಸಗಿ ಆಸ್ಪತ್ರೆಗಳಿಗೂ ಅದು ಅನ್ವಯವಾಗಬೇಕು.